ಸಹಾಯ ಬೇಕು: ಎತ್ತಿಟ್ಟ ಕೋಳಿ ಮಂಕರಿಯಲ್ಲಿ ಕೆಂಪು ನುಸಿ ಎಷ್ಟು ದಿನ ಬದುಕುತ್ತದೆ?

ಎಲ್ಲರಿಗೂ ನಮಸ್ಕಾರ. ನಾವು ಮದ್ದೂರಿನ ಹತ್ತಿರ ನಾಟಿ ಕೋಳಿ ಸಾಕುತ್ತಿದ್ದೇವೆ. ಗೂಡಿಗೆ ಕೆಂಪು ನುಸಿ ಬಿದ್ದಿದೆ. ಹಗಲು ಮರದ ಸಂದಿಯಲ್ಲಿ ಅವಿತುಕೊಂಡು, ರಾತ್ರಿ ಬಂದು ರಕ್ತ ಹೀರುತ್ತವೆ. ಕಾವಿಗೆ ಕೂತ ಹೇಟೆಗಳು ಮೊಟ್ಟೆ ಬಿಟ್ಟು ಎದ್ದು ಹೋಗುತ್ತಿವೆ. ಪಾಪ, ಜುಟ್ಟೆಲ್ಲ ಬಿಳಿಚಿಕೊಂಡಿದೆ.

ಗೂಡಿಗೆ ಸುಣ್ಣ ಬಳಿದೆವು. ಹಳೇ ಹುಲ್ಲು ಸುಟ್ಟೆವು. ಮಂಕರಿ, ಮೊಟ್ಟೆ ಪೆಟ್ಟಿಗೆಗಳನ್ನು ತೊಳೆದು ಹೆಂಚಿನ ಕೋಣೆಯಲ್ಲಿ ಎತ್ತಿಟ್ಟೆವು. ಒಂದು ತಿಂಗಳು ಖಾಲಿ ಬಿಟ್ಟರೆ ಹಸಿವಿಗೇ ಸಾಯುತ್ತವೆ ಅಂತ ಪಕ್ಕದ ತೋಟದವರು ಹೇಳಿದ್ದರು. ಹಾಗೇ ಬಿಟ್ಟೆವು. ಮತ್ತೆ ಕೋಳಿ ಕೂರಿಸಿದ ಮೇಲೆ ಅದೇ ಕಾಟ.

ಆಮೇಲೆ ಓದಿ ನೋಡಿದೆ. 5 ಡಿಗ್ರಿ ತಂಪಲ್ಲಿ ಈ ನುಸಿ ರಕ್ತವಿಲ್ಲದೆ 9 ತಿಂಗಳವರೆಗೂ ಬದುಕಬಲ್ಲದಂತೆ. 45 ಡಿಗ್ರಿ ದಾಟಿದರೆ, ಇಲ್ಲವೇ ಮೈನಸ್ 20ಕ್ಕಿಂತ ಕೆಳಗಿಳಿದರೆ ಸಾಯುತ್ತದೆ. ನಮ್ಮ ಮಂಡ್ಯದ ಕಡೆ ನೆರಳಲ್ಲಿ ಇವೆರಡೂ ಇಲ್ವಲ್ಲ! ಬೇಸಿಗೆಯಲ್ಲೂ 35ರ ಆಸುಪಾಸು ಅಷ್ಟೇ. ನನ್ನ ಗೊಂದಲ ಇಲ್ಲೇ.

ಪೆಟ್ಟಿಗೆಗಳಿಗೆ ಕಪ್ಪು ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗಿಟ್ಟರೆ ಮರದ ಸಂದಿಯ ಒಳಗೂ 45 ಡಿಗ್ರಿ ದಾಟುತ್ತದಾ? ಇಲ್ಲ ಅಂದ್ರೆ, ನಮ್ಮ ಸೆಕೆಗೆ ಎಷ್ಟು ವಾರ ಖಾಲಿ ಬಿಡಬೇಕು? ಮಾಡಿ ನೋಡಿದವರು, ಪಶುವೈದ್ಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.