ರೈಫಲ್‌ಗೆ ಹೊಡೆಯುವ ಕ್ಯಾಮಫ್ಲಾಜ್ ಬಣ್ಣ: ‘ಮರೆಮಾಚು’ ಎಂಬ ಪದ ಇಲ್ಲಿ ಸಲ್ಲುತ್ತದೆಯೇ?

ಮಾನ್ಯರೇ,

ಅಮೆರಿಕದ ಬೇಟೆಗಾರರು ತಮ್ಮ ರೈಫಲ್‌ಗಳಿಗೆ ಮನೆಯಲ್ಲಿಯೇ ಸ್ಪ್ರೇ ಡಬ್ಬಿಯಿಂದ ಕ್ಯಾಮಫ್ಲಾಜ್ ಬಣ್ಣ, ಎಂದರೆ ಸುತ್ತಲಿನ ಪರಿಸರದಲ್ಲಿ ಬೇಗ ಕಣ್ಣಿಗೆ ಬೀಳದಂತೆ ಮಾಡುವ ಬಣ್ಣ, ಹಾಕಿಕೊಳ್ಳುವ ಬಗೆಯನ್ನು ಕುರಿತು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಮೊದಲು ರೈಫಲ್ ಖಾಲಿಯಾಗಿದೆಯೆಂದು ಖಚಿತಪಡಿಸಿಕೊಂಡು, ಎಣ್ಣೆಯ ಜಿಡ್ಡನ್ನು ಪೂರ್ತಿ ಒರೆಸಿ, ನಳಿಗೆಯ ಬಾಯಿ, ಸ್ಕೋಪಿನ ಗಾಜು, ಟ್ರಿಗರ್ ಹಾಗೂ ಖಾಲಿ ತೋಟೆ ಹೊರಬೀಳುವ ಕಿಂಡಿಗಳಿಗೆ ಟೇಪು ಅಂಟಿಸುತ್ತಾರೆ. ಬಳಿಕ ಹೊಳಪಿಲ್ಲದ ಮಣ್ಣಿನ ಬಣ್ಣವನ್ನು ತೆಳುವಾಗಿ ಹಾಕಿ, ಅದು ಒಣಗಿದ ಮೇಲೆ ಹುಲ್ಲಿನ ಎಸಳು, ಎಲೆ ಅಥವಾ ಬಟ್ಟೆ ಒಗೆಯಲು ಬಳಸುವ ಬಲೆಚೀಲವನ್ನು ಅಡ್ಡ ಹಿಡಿದು ಹಸಿರು, ಕಂದು ಬಣ್ಣಗಳನ್ನು ಎರಚಿ ಅವುಗಳ ಅಚ್ಚನ್ನು ಮೂಡಿಸುತ್ತಾರೆ. ಕೆಲಸವನ್ನು ವಿವರಿಸುವುದು ಸುಲಭ. ಅದನ್ನು ಹೆಸರಿಸುವುದೇ ಕಷ್ಟವಾಗಿದೆ.

ಕ್ಯಾಮಫ್ಲಾಜ್‌ಗೆ ನಮ್ಮಲ್ಲಿ ‘ಮರೆಮಾಚುವಿಕೆ’, ‘ಛದ್ಮವೇಷ’ ಎಂಬ ಪದಗಳು ಬಳಕೆಯಲ್ಲಿವೆ. ಛದ್ಮವೇಷವೆಂದರೆ ಶಾಲಾ ಮಕ್ಕಳ ಸ್ಪರ್ಧೆಯೇ ಮೊದಲು ನೆನಪಾಗುವುದರಿಂದ ಅದನ್ನು ಬಿಟ್ಟಿದ್ದೇನೆ. ‘ಮರೆಮಾಚು’ ಎಂಬಲ್ಲಿ ‘ಮರೆ’ ಇದೆ. ಒಂದು ವಸ್ತುವಿನ ಮುಂದೆ ಇನ್ನೊಂದು ಅಡ್ಡ ನಿಂತು ಅದನ್ನು ಕಾಣದಂತೆ ಮಾಡುತ್ತದೆ ಎಂಬ ಅರ್ಥವನ್ನು ಅದು ಹೊರುತ್ತದೆ. ಬಣ್ಣ ಹಾಕಿದ ರೈಫಲ್ ಯಾವುದರ ಮರೆಯಲ್ಲಿಯೂ ಇರುವುದಿಲ್ಲ. ಕಾಡಿನಲ್ಲಿ ಅಷ್ಟು ಉದ್ದವಾದ, ನೇರವಾದ, ಕಪ್ಪಾದ ಗೆರೆ ಅಪರೂಪವಾದ್ದರಿಂದ ಅದು ಬೇಗ ಕಣ್ಣಿಗೆ ಬೀಳುತ್ತದೆ. ಆ ಗೆರೆಯನ್ನು ಅಲ್ಲಲ್ಲಿ ಕಡಿದು, ಒಂದೇ ವಸ್ತುವೆಂದು ತೋರದಂತೆ ಮಾಡುವುದು ಬಣ್ಣದ ಮುಖ್ಯ ಕೆಲಸ.

ಆದ್ದರಿಂದ ಇಲ್ಲಿ ಎರಡು ಪದಗಳು ಬೇಕೆಂದು ನನ್ನ ಅಭಿಪ್ರಾಯ. ಹಿನ್ನೆಲೆಗೆ ಹೊಂದಿಕೊಳ್ಳುವ ಬಣ್ಣ ಒಂದು, ಆಕಾರವನ್ನು ಒಡೆಯುವ ಬಣ್ಣ ಇನ್ನೊಂದು. ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಹ್ಯೂ ಕಾಟ್ 1940ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರಾಣಿಗಳ ಮೈಬಣ್ಣವನ್ನು ಕುರಿತು ಈ ಭೇದವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಬೇಟೆಗಾರರ ಅನುಭವವೂ ಇದಕ್ಕೆ ಹೊಂದುತ್ತದೆ: ಜಿಂಕೆಯ ಕಣ್ಣು ಕೆಂಪು, ಕಿತ್ತಳೆ ಬಣ್ಣಗಳನ್ನು ಹಸಿರಿನಿಂದ ಚೆನ್ನಾಗಿ ಬೇರ್ಪಡಿಸಲಾರದು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಕಾನೂನಿನಂತೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟೇ ಬೇಟೆಗಿಳಿಯುವವರು ಅದೇ ಕಾರಣದಿಂದ ಬರಿಗೈಯಲ್ಲಿ ಮರಳುವುದಿಲ್ಲ. ಹೊಳಪು, ಚಲನೆ, ಆಕಾರಗಳೇ ಪ್ರಾಣಿಯನ್ನು ಹೆಚ್ಚಾಗಿ ಎಚ್ಚರಿಸುತ್ತವೆ. ಸೈನ್ಯದ ಉಡುಪು ಕೂಡ ಮೊದಲನೆಯ ಬಗೆಯಿಂದ ಎರಡನೆಯದಕ್ಕೆ ಸಾಗಿದೆ. ಒಂದು ಕಾಲಕ್ಕೆ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿಯೂ ತಯಾರಾಗುತ್ತಿದ್ದ ಖಾಕಿ, ಹೆಸರೇ ಹೇಳುವಂತೆ, ಧೂಳಿನೊಡನೆ ಬೆರೆಯುವ ಒಂದೇ ಬಣ್ಣ. ಇಂದಿನ ಸೈನಿಕರ ಉಡುಪಿನಲ್ಲಿ ಇರುವುದು ಒಡೆದ ತೇಪೆಗಳ ವಿನ್ಯಾಸ.

ಮೊದಲನೆಯದಕ್ಕೆ ‘ಹೊಂದುಬಣ್ಣ’ ಎಂದು ಬರೆದುಕೊಂಡಿದ್ದೇನೆ, ಅದು ನನಗೆ ಒಪ್ಪಿಗೆಯಾಗಿದೆ. ಎರಡನೆಯದಕ್ಕೆ ‘ಆಕಾರಭಂಗ’ ಎಂದರೆ ಪಠ್ಯಪುಸ್ತಕಕ್ಕೆ ಸರಿಹೋದೀತು, ಕೈಯಲ್ಲಿ ಡಬ್ಬಿ ಹಿಡಿದವನ ಬಾಯಲ್ಲಿ ಅದು ನಿಲ್ಲಲಾರದು. ‘ಒಡೆಬಣ್ಣ’ ಎಂಬುದು ಅರ್ಥವಾಗುತ್ತದೆಯೇ, ತಿಳಿಸಿ.

ಕ್ರಿಯಾಪದದಲ್ಲಿಯೂ ತೊಡಕಿದೆ. ‘ಬಳಿ’, ‘ಹಚ್ಚು’ ಎಂದರೆ ಕೈ ಅಥವಾ ಕುಂಚ ವಸ್ತುವನ್ನು ಮುಟ್ಟಬೇಕು. ಇಲ್ಲಿ ಡಬ್ಬಿಯನ್ನು 20–30 ಸೆಂಟಿಮೀಟರ್ ದೂರದಲ್ಲಿ ಹಿಡಿದು ಆಡಿಸುತ್ತಿರಬೇಕು. ‘ಸಿಂಪಡಿಸು’ ಎಂಬುದು ಬೆಳೆಗೆ ಔಷಧಿಯ ಹನಿ ಬೀಳಿಸುವುದನ್ನು ನೆನಪಿಸುತ್ತದೆ. ಗ್ಯಾರೇಜಿನವರಂತೆ ‘ಹೊಡೆ’ ಎಂಬುದೇ ಸಹಜ. ಆದರೆ ಅದೇ ಕ್ರಿಯಾಪದ ಈಡಿಗೂ, ಎಂದರೆ ಗುಂಡು ಹಾರಿಸುವುದಕ್ಕೂ, ಸಲ್ಲುವುದರಿಂದ, ಬಣ್ಣ ಎಂಬ ಪದವನ್ನು ಬಿಟ್ಟ ವಾಕ್ಯಗಳಲ್ಲಿ ಗೊಂದಲವಾಗುತ್ತದೆ.

ಟ್ರಿಗರ್‌ನಂಥ ಭಾಗಗಳಿಗೂ ಕನ್ನಡದ ಹೆಸರು ಬೇಕಾಗಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಶುಚಿಗೊಳಿಸಿ ಪೂಜಿಸುವ ಕೊಡಗಿನ ಮನೆಗಳಲ್ಲಿ ಅದರ ಭಾಗಗಳಿಗೆ ಇಂದಿಗೂ ಆಡುವ ಹೆಸರುಗಳಿರಬೇಕು. ‘ಕುದುರೆ’ ಎಂದರೆ ಅಲ್ಲಿ ಬೆರಳಿನಿಂದ ಎಳೆಯುವ ಭಾಗವೋ, ಮೇಲಿನಿಂದ ಬಡಿಯುವ ಭಾಗವೋ? ಬಲ್ಲವರು ದಯವಿಟ್ಟು ಉದಾಹರಣೆ ವಾಕ್ಯದೊಡನೆ ಬರೆಯಬೇಕೆಂದು ಕೋರುತ್ತೇನೆ.