ನೆರಳಿಗೆ ವಿಆರ್‌ಎಸ್

“ಹೇಗಿದೆ ರಾಯರೇ ನನ್ನ ಫೋಟೋ?” ಸೀನ ಲ್ಯಾಪ್‌ಟಾಪ್ ತಿರುಗಿಸಿದ.

“ಚೆನ್ನಾಗಿದೆ. ಕಾರ್ಖಾನೆ ಉದ್ಘಾಟನೆ ಯಾವಾಗ?”

“ಉದ್ಘಾಟನೆನಾ? ಮುಚ್ಚಿ ಎಷ್ಟೋ ಕಾಲ ಆಯ್ತು! ತುಕ್ಕು ಕಾಣಿಸ್ತಿಲ್ವಾ?”

“ಅದೊಂದೇ ಕಾಣಿಸ್ತಿರೋದು ಮಾರಾಯ. ಬಾಯ್ಲರ್ ಹಿಂದಿನ ತುಕ್ಕು, ಮೆಟ್ಟಿಲ ಕೆಳಗಿನ ತುಕ್ಕು, ತುಕ್ಕಿನ ಒಳಗಿನ ತುಕ್ಕು. ಅಲ್ಲಿದ್ದ ನೆರಳು ಎಲ್ಲಿ?”

“ಎಚ್‌ಡಿಆರ್ ಅಂದ್ರೆ ಅದೇ ಅಲ್ವಾ? ಕಡಿಮೆ ಬೆಳಕಿನದ್ದು, ಜಾಸ್ತಿ ಬೆಳಕಿನದ್ದು ಅಂತ ಹಲವು ಫ್ರೇಮ್ ತೆಗೆದು ಒಂದೇ ಫೋಟೋ ಮಾಡೋದು. ಕತ್ತಲಲ್ಲಿರೋದೂ ಕಾಣಬೇಕು, ಕಿಟಕಿಯಾಚೆ ಇರೋದೂ ಕಾಣಬೇಕು.”

“ಅಂದ್ರೆ ನೆರಳಿಗೆ ವಿಆರ್‌ಎಸ್ ಕೊಟ್ಟು ಮನೆಗೆ ಕಳಿಸಿದೆ.”

ನಾಣಿ ಕನ್ನಡಕ ಏರಿಸಿಕೊಂಡ. “ಎಷ್ಟು ಫ್ರೇಮು ಕಣೋ?”

“9. ಒಂದೊಂದಕ್ಕೂ ಒಂದು ಸ್ಟಾಪ್ ಅಂತರ, ಅಂದ್ರೆ ಪ್ರತಿ ಸಲ ಬೆಳಕು ಎರಡು ಪಟ್ಟು.”

“ಮೊದಲನೆಯದರಿಂದ ಕೊನೆಯದಕ್ಕೆ 8 ಸ್ಟಾಪ್. ಎರಡೆರಡು ಸ್ಟಾಪ್ ಅಂತರದಲ್ಲಿ 5 ತೆಗೆದರೂ ಅದೇ 8,” ಅಂದರು ರಾಯರು. “ಐಎಸ್‌ಒ 100, ಎಫ್ 8, ಟ್ರೈಪಾಡ್. ಶಟರ್ 1/250, 1/60, 1/15, 1/4, ಆಮೇಲೆ ಪೂರ್ತಿ 1 ಸೆಕೆಂಡ್. ರಾ ಫೈಲ್, ಅಂದ್ರೆ ಸೆನ್ಸರ್ ಕೊಟ್ಟ ಹಸಿ ಮಾಹಿತಿ, ಆದ್ರೆ ಇಷ್ಟು ಅಂತರ ಧಾರಾಳವಾಗಿ ತಡೆಯುತ್ತೆ. ಆದ್ರೆ ಈ ಸಂಖ್ಯೆಗಳನ್ನ ಬಾಯಿಪಾಠ ಮಾಡ್ಕೊಂಡು ಹೋಗಬೇಡ. ಮೊದಲು ಕಿಟಕಿ ನೋಡು. ಹಿಸ್ಟೋಗ್ರಾಮ್, ಅಂದ್ರೆ ಎಡಕ್ಕೆ ಕತ್ತಲು ಬಲಕ್ಕೆ ಬೆಳಕು ತೋರಿಸೋ ನಕ್ಷೆ, ಬಲಗೋಡೆಗೆ ಗುದ್ದದಿರೋ ಶಟರ್ ಯಾವುದೋ ಅಲ್ಲಿಂದ ಶುರು. ಕತ್ತಲ ಮೂಲೆ ಎಡಗೋಡೆ ಬಿಟ್ಟು ಈಚೆ ಬಂದ ತಕ್ಷಣ ನಿಲ್ಲಿಸು. ಮಧ್ಯೆ ಎಷ್ಟು ಬರ್ತಾವೋ ಅಷ್ಟೇ ಫ್ರೇಮು.”

“ನಾನು ಲೆನ್ಸಿನ ಕಿಂಡಿ, ಅದೇ ಅಪರ್ಚರ್, ಬದಲಾಯಿಸಿ ತೆಗೆದೆ,” ಅಂದ ನಾಣಿ, ಯಾರೂ ಕೇಳದಿದ್ದರೂ.

“ಭೇಷ್! ಒಂದರಲ್ಲಿ ಹಿಂದಿನ ಪೈಪು ಸ್ಪಷ್ಟ, ಇನ್ನೊಂದರಲ್ಲಿ ಮಸುಕು. ಮೂಲೆಗಳ ಕಪ್ಪೂ ಒಂದೊಂದರಲ್ಲಿ ಒಂದೊಂದು ಥರ. ಸಾಲದ್ದಕ್ಕೆ ರಿಂಗ್ ತಿರುಗಿಸೋವಾಗ ಫೋಕಸ್ ರಿಂಗೂ ಒಂದು ಕೂದಲಷ್ಟು ಜರುಗಿರುತ್ತೆ. ಪಾಪ, ಸಾಫ್ಟ್‌ವೇರ್ ಯಾವುದನ್ನ ಯಾವುದರ ಮೇಲೆ ಕೂರಿಸಬೇಕು? ಶಟರ್ ಒಂದೇ ಬದಲಾಗಬೇಕು. ವೈಟ್ ಬ್ಯಾಲೆನ್ಸೂ ಆಟೋದಲ್ಲಿ ಬೇಡ.”

ಪದ್ದಕ್ಕ ತಮ್ಮ ಚೀಲದಿಂದ ಹಳೇ 28 ಎಂಎಂ ಲೆನ್ಸ್ ತೆಗೆದಿಟ್ಟರು. “ಇದನ್ನ ಹಾಕಿದ್ರೆ ನನ್ನ ಕ್ಯಾಮೆರಾ ಲೆನ್ಸೇ ಇಲ್ಲ ಅಂತ ಹಟ ಹಿಡಿಯುತ್ತೆ.”

“ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡು ಅನ್ನೋ ಸೆಟ್ಟಿಂಗ್ ಮೆನುವಿನಲ್ಲಿ ಇರುತ್ತೆ ಪದ್ದಕ್ಕ, ಆನ್ ಮಾಡಿ. ಬಾಡಿಯಲ್ಲೇ ನಡುಕ ತಡೆಯೋ ಸ್ಟೆಬಿಲೈಸರ್ ಇದ್ದರೆ ಫೋಕಲ್ ಲೆಂತ್ 28 ಅಂತ ನೀವೇ ತುಂಬಿ. ಟ್ರೈಪಾಡ್ ಮೇಲಿಟ್ಟಾಗ ಅದನ್ನ ಆಫ್ ಮಾಡಿಬಿಡಿ.”

“ಫೋಕಸ್ ರಿಂಗನ್ನ ಅನಂತದ, ಅಂದ್ರೆ ಬಹುದೂರದ, ಗುರುತಿಗೆ ತಿರುಗಿಸಿದ್ರೂ ದೂರದ ಚಿಮಣಿ ಮಸುಕು.”

“ಹಳೇ ಲೆನ್ಸನ್ನ ಹೊಸ ಬಾಡಿಗೆ ಕೂರಿಸೋ ಉಂಗುರ ಇದೆಯಲ್ಲ, ಆ ಅಡಾಪ್ಟರ್‌ನ ಕೆಲಸ. ಲೆನ್ಸ್ ಅನಂತಕ್ಕೆ ಮುಟ್ಟದೇ ಹೋದೀತು ಅಂತ ಬಹಳಷ್ಟು ಅಡಾಪ್ಟರ್‌ಗಳನ್ನ ಬೇಕಂತಲೇ ಚೂರು ತೆಳ್ಳಗೆ ಮಾಡಿರ್ತಾರೆ. ಗುರುತಿಗಿಂತ ಮುಂಚೆಯೇ ಅನಂತ ಬಂದು ಹೋಗಿರುತ್ತೆ. ಲೈವ್ ವ್ಯೂ 10 ಪಟ್ಟು ಹಿಗ್ಗಿಸಿ, ತೆಗೆಯೋ ಅಪರ್ಚರ್‌ನಲ್ಲೇ ಫೋಕಸ್ ಮಾಡಿ. ಪೂರ್ತಿ ತೆರೆದು ಫೋಕಸ್ ಮಾಡಿ ಆಮೇಲೆ ಮುಚ್ಚಿದ್ರೆ, ಕೆಲವು ಲೆನ್ಸ್‌ಗಳಲ್ಲಿ ಫೋಕಸ್ಸೇ ಸರಿದಿರುತ್ತೆ.”

“ನನ್ನದು ಹಳೇ ತಿರುಪಿನ ಎಂ42 ಲೆನ್ಸು, ನಿಕಾನ್ ಡಿಎಸ್‌ಎಲ್‌ಆರ್. ಅನಂತ ಬರೋದೇ ಇಲ್ಲ,” ಅಂದ ನಾಣಿ.

“ಬರಲ್ಲ. ಎಂ42 ಲೆನ್ಸ್ ಸೆನ್ಸರ್‌ನಿಂದ 45.46 ಎಂಎಂ ದೂರದಲ್ಲಿ ಕೂರಬೇಕು. ನಿನ್ನ ಬಾಡಿಯದ್ದೇ 46.5. ಅಡಾಪ್ಟರ್‌ಗೆ ಜಾಗವೇ ಇಲ್ಲ, ಮೇಲೆ ಸಾಲ ಬೇರೆ.”

ಇಷ್ಟು ಹೊತ್ತು ಸುಮ್ಮನಿದ್ದ ಸೀನ ಇನ್ನೊಂದು ಫೋಟೋ ತೆರೆದ. “ಇಲ್ಲಿ ನೋಡಿ, ನಾನು ವಿಆರ್‌ಎಸ್ ಕೊಟ್ಟೇ ಇಲ್ಲ. ಆದ್ರೂ ಕಿಟಕಿ ಪಕ್ಕದ ಕಪ್ಪು ಹಾಲು ಹಾಲಾಗಿದೆ. ಇನ್ನೂ ನಾಲ್ಕು ಫ್ರೇಮ್ ಸೇರಿಸಿದ್ರೆ?”

“ನಾಲ್ಕರಲ್ಲೂ ಅದೇ ಮಂಜು ಬರುತ್ತೆ. ಕಿಟಕಿಯ ಬೆಳಕು ಲೆನ್ಸ್ ಒಳಗೇ ಗಾಜಿಂದ ಗಾಜಿಗೆ ಚೆಲ್ಲಾಡಿ ನೆರಳಿನ ಮೇಲೆ ಬಿದ್ದಿದೆ. ಹಳೇ ಲೆನ್ಸು, ಒಂದೇ ಪದರದ ಕೋಟಿಂಗು. ಸೆನ್ಸರ್ ತಲುಪೋ ಮುಂಚೆಯೇ ನೆರಳು ರಾಜೀನಾಮೆ ಕೊಟ್ಟಾಗಿದೆ, ಆಮೇಲೆ ಎಷ್ಟು ಫ್ರೇಮ್ ತೆಗೆದು ಏನು? ಮುಂದಿನ ಫಿಲ್ಟರ್ ಬಿಚ್ಚು, ಹುಡ್ ಹಾಕು. ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿಗೆ ಮಬ್ಬು ಕಟ್ಟಿದೆಯಾ ನೋಡು. ಅದೆಲ್ಲಕ್ಕಿಂತ ಸುಲಭ ಅಂದ್ರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಆ ಕಿಟಕಿಯನ್ನ ಕಂಬದ ಹಿಂದೆ ಹಾಕು. ಸರಿಯೋ ಮುಂಚೆ ನೆಲ ನೋಡ್ಕೋ. ಜಾಲರಿ ನೆಲದಲ್ಲಿ ಯಾರು ನಡೆದರೂ ಟ್ರೈಪಾಡ್ ನಡುಗುತ್ತೆ. ತುಕ್ಕು ಹಿಡಿದ ಜಾಲರಿ ಆದ್ರೆ ನೀನೇ ಕೆಳಗೆ. ಹಳೇ ಬಾಯ್ಲರ್‌ಗೆ ಸುತ್ತಿದ ಬಿಳಿ ಹೊದಿಕೆ ಆಸ್ಬೆಸ್ಟಾಸ್ ಇದ್ದೀತು, ಮುಟ್ಟಬೇಡ.”

“ಈ ಹುಚ್ಚೆಲ್ಲ ಡಿಜಿಟಲ್ ಬಂದ ಮೇಲೆ,” ಅಂದ ನಾಣಿ.

“ಅದೂ ಸುಳ್ಳು. 1850ರ ದಶಕದಲ್ಲೇ ಫ್ರಾನ್ಸಿನ ಫೋಟೋಗ್ರಾಫರ್ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು ಆಕಾಶಕ್ಕೊಂದು ನೆಗೆಟಿವ್ ಹಾಕಿ ಒಂದೇ ಚಿತ್ರ ಮಾಡಿದ್ದ. ಹಲವು ಫೋಟೋಗಳಿಂದ ದೃಶ್ಯದ ನಿಜವಾದ ಬೆಳಕಿನ ಲೆಕ್ಕ ತೆಗೆಯೋದನ್ನ 1997ರಲ್ಲಿ ಡೆಬೆವೆಕ್ ಮತ್ತು ಮಲಿಕ್ ಅನ್ನೋ ಸಂಶೋಧಕರು ತೋರಿಸಿಕೊಟ್ಟರು. ಬೆಳಕು ಕೂಡಿಸೋದರಲ್ಲಿ ತಪ್ಪಿಲ್ಲ. ಕೂಡಿಸಿದ್ದನ್ನ ಪರದೆಗೆ ಹಿಡಿಸಲಿಕ್ಕೆ ಟೋನ್ ಮ್ಯಾಪಿಂಗ್ ಅಂತ ಹಿಂಡ್ತೀರಲ್ಲ, ಅಲ್ಲೇ ನೆರಳಿನ ಫೈಲು ಮುಚ್ಚೋದು. ಚಿಮಣಿ ಸುತ್ತ ಈ ಪ್ರಭಾವಳಿ ಯಾಕೆ ಬಂತು? ಲೋಕಲ್ ಕಾಂಟ್ರಾಸ್ಟ್ ಪೂರ್ತಿ ಎಳೆದಿದ್ದೀಯ. ಚಿಮಣಿಯನ್ನ ಬೆಳಗಿಸೋಕೆ ಹೋಗಿ ಪಕ್ಕದ ಆಕಾಶಕ್ಕೂ ಬೆಳಕು ಹತ್ತಿಸಿದ್ದೀಯ.”

ಸೀನನಿಗೆ ಒಂದು ಎಳೆ ಸಿಕ್ಕಿತು. “ನೀವು ಹೊಗಳ್ತೀರಲ್ಲ, ಜರ್ಮನಿಯ ಬೆಷರ್ ದಂಪತಿ, ಊದುಕುಲುಮೆ, ನೀರಿನ ಗೋಪುರ ಅಂತ ಜೀವಮಾನವೆಲ್ಲ ತೆಗೆದರಲ್ಲ. ಅವರು ಹೋಗ್ತಿದ್ದದ್ದೇ ಮೋಡ ಮುಚ್ಚಿದ ದಿನ. ಅವರ ಫೋಟೋದಲ್ಲೂ ನೆರಳಿಲ್ಲ!”

ನಾಣಿ ಚಪ್ಪಾಳೆ ತಟ್ಟಿದ. ರಾಯರು ಒಂದು ಗಳಿಗೆ ತಡೆದರು.

“ಅದು ವಾರದ ರಜೆ ಕಣೋ. ನೀನು ಕೊಟ್ಟದ್ದು ವಿಆರ್‌ಎಸ್.”

“ವಾದಕ್ಕೆ ಹೇಳಿದಿರಿ,” ಅಂದರು ಪದ್ದಕ್ಕ.

“ಅರ್ಧ ವಾದಕ್ಕೆ. ಸೀನ, ಮಧ್ಯದ ಒಂದೇ ಫ್ರೇಮ್ ತೆಗಿ. ಮೆಟ್ಟಿಲ ಪಕ್ಕದ ಕಂಬಿ ಹಿಗ್ಗಿಸು. ಮೇಲ್ಭಾಗ ನುಣ್ಣಗೆ ಸವೆದು ಹೊಳೀತಾ ಇದೆ, ಅಡಿಯಲ್ಲಿ ಬಣ್ಣ ಹಾಗೇ ಇದೆ. ಶಿಫ್ಟ್ ಶಿಫ್ಟಿಗೂ ಎಷ್ಟು ಕೈ ಹಿಡ್ಕೊಂಡು ಇಳಿದಿವೆಯೋ. ನಿನ್ನ ಎಚ್‌ಡಿಆರ್‌ನಲ್ಲಿ ಎಲ್ಲವೂ ಹೊಳೆಯುತ್ತೆ, ಇದು ಕಾಣೋದೇ ಇಲ್ಲ. ಜರ್ಮನಿಯ ಫೋಲ್ಕ್‌ಲಿಂಗನ್ ಕಬ್ಬಿಣದ ಕಾರ್ಖಾನೆ 1986ರಲ್ಲಿ ನಿಂತಿತು, 1994ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು. ಟಿಕೆಟ್ ತಗೊಂಡು ಒಳಗೆ ಹೋಗಬಹುದು, ಕುಲುಮೆಯ ಮೇಲೂ ಹತ್ತಬಹುದು. ಕೆಲಸದವರು ಮಾತ್ರ ಇಲ್ಲ. ಬೆಳಿಗ್ಗೆ ಪಡುವಣ ಗೋಡೆ, ಸಂಜೆ ಮೂಡಣ ಗೋಡೆ ಅಂತ ಇಂಥ ಕಡೆಯೆಲ್ಲ ಇನ್ನೂ ಪಾಳಿ ತಪ್ಪಿಸದೆ ಬರ್ತಿರೋದು ಆ ನೆರಳೊಂದೇ.”

ಯಾರೂ ಮಾತಾಡಲಿಲ್ಲ. ಸೀನ ಲೋಕಲ್ ಕಾಂಟ್ರಾಸ್ಟ್ ಸ್ಲೈಡರ್ ನೂರರಿಂದ ಅರವತ್ತಕ್ಕೆ ಇಳಿಸಿದ. ರಾಯರ ಮುಖ ನೋಡಿ ಮೂವತ್ತಕ್ಕೆ. ಆಮೇಲೆ ಹತ್ತಕ್ಕೆ.

“ಈಗ ಮಧ್ಯದ ಫ್ರೇಮಿಗೂ ಇದಕ್ಕೂ ಕಿಟಕಿಯೊಂದೇ ವ್ಯತ್ಯಾಸ!”

“ಹಾಗಾದ್ರೆ ಎರಡೇ ಫ್ರೇಮ್ ಸಾಕಾಗಿತ್ತು,” ಅಂದರು ರಾಯರು. “ಕಿಟಕಿಗೆ ಒಂದು, ಒಳಗಿನದಕ್ಕೆ ಒಂದು.”

“ಮತ್ತೆ ಬಾಕಿ ಏಳು ಯಾಕೆ ತೆಗೆದೆ ನಾನು?”

“ಮೆನುವಿನಲ್ಲಿ ಒಂಬತ್ತರವರೆಗೆ ಇತ್ತಲ್ಲ, ಅದಕ್ಕೆ,” ಅಂದರು ಪದ್ದಕ್ಕ, ಲೆನ್ಸಿಗೆ ಮುಚ್ಚಳ ಹಾಕುತ್ತಾ.