ಏಂಜೆಲ್ ಐಲ್ಯಾಂಡ್ ಬಗ್ಗೆ ಫೋಟೋ, ಆಡಿಯೋ ಎಲ್ಲ ಇರೋ ಪ್ರಬಂಧ, ರೆಸ್ಪಾನ್ಸ್ ಹೇಗೆ ಬರೀಲಿ?

ಸಾಗರದ_ಹುಡುಗಿ:
ನಮಸ್ಕಾರ ಎಲ್ರಿಗೂ. ಕ್ಯಾಲಿಫೋರ್ನಿಯಾದಲ್ಲಿ ಮಾಸ್ಟರ್ಸ್ ಮಾಡ್ತಿದೀನಿ, ಒಂದು ಕ್ಲಾಸಲ್ಲಿ ವಲಸೆ ಬಗ್ಗೆ ಓದೋಕೆ ಒಂದು ಪ್ರಬಂಧ ಕೊಟ್ಟಿದಾರೆ, ಬರೀ ಬರಹ ಅಲ್ಲ, ಹಳೇ ಫೋಟೋ, ವಿಚಾರಣೆ ಮಾಡಿ ಟೈಪ್ ಮಾಡಿಟ್ಟ ಕಾಗದ, ಗೋಡೆ ಮೇಲೆ ಕೆತ್ತಿದ ಚೀನೀ ಪದ್ಯ, ಅದನ್ನ ಓದೋ ಆಡಿಯೋ ಎಲ್ಲ ಸೇರಿಸಿದಾರೆ. 1910ರಿಂದ 1940ರ ತನಕ ಸ್ಯಾನ್ ಫ್ರಾನ್ಸಿಸ್ಕೋ ಹತ್ರ ಏಂಜೆಲ್ ಐಲ್ಯಾಂಡ್ ಅನ್ನೋ ದ್ವೀಪದಲ್ಲಿ ವಲಸೆ ಬಂದವ್ರನ್ನ ಕೂಡಿಹಾಕ್ತಿದ್ರಲ್ಲ, ಆ ಕಥೆ. ಅದನ್ನ ಓದಿ ಎರಡು ಪುಟ ರೆಸ್ಪಾನ್ಸ್ ಬರೀಬೇಕು, ನನ್ ಡ್ರಾಫ್ಟಲ್ಲಿ "ತುಂಬಾ ನೋವಾಯ್ತು" ಅಂತ ಐದು ಸಲ ಇದೆ 😅 ಫೋಟೋ ಬಗ್ಗೆ ಏನ್ ಬರೀಬೇಕೋ ಗೊತ್ತಾಗ್ತಿಲ್ಲ.

ಫ್ರೀಮಾಂಟ್_ಭಟ್ಟ:
ಯಾವ್ದನ್ನ ಯಾರು ಮಾಡಿದ್ದು ಅಂತ ಮೊದ್ಲು ನೋಡು ತಂಗಿ. ವಿಚಾರಣೆ ಕಾಗದ ವಲಸೆ ಆಫೀಸಿನವ್ರದ್ದು, ಪದ್ಯ ಮಾತ್ರ ಒಳಗಿದ್ದವ್ರದ್ದು. ಆ ಪದ್ಯದ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆಸಿದ್ರು, ಆದ್ರೂ 200ಕ್ಕೂ ಹೆಚ್ಚು ಉಳ್ಕೊಂಡಿವೆ. ಕಟ್ಟಡ ಕೆಡವ್ಬೇಕು ಅಂತಿದ್ದಾಗ 1970ರಲ್ಲಿ ಒಬ್ಬ ಪಾರ್ಕ್ ರೇಂಜರ್ ಕಣ್ಣಿಗೆ ಬಿತ್ತು, ಅದಕ್ಕೇ ಉಳೀತು.
ಇನ್ನು ವಿಚಾರಣೇಲಿ ಕೇಳ್ತಿದ್ದ ಪ್ರಶ್ನೆಗಳು. 1882ರ ಕಾನೂನಲ್ಲಿ ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚಿತ್ತು, ಆದ್ರೆ ಅಮೆರಿಕನ್ ಪ್ರಜೆಯ ಮಗ ಆದ್ರೆ ಬರ್ಬಹುದಿತ್ತು. 1906ರ ಭೂಕಂಪದ ಬೆಂಕೀಲಿ ಸ್ಯಾನ್ ಫ್ರಾನ್ಸಿಸ್ಕೋದ ಹುಟ್ಟಿನ ದಾಖಲೆ ಸುಟ್ಟೋಯ್ತು, ಯಾರು ಅಲ್ಲೇ ಹುಟ್ಟಿದ ಪ್ರಜೆ ಅಂತ ನೋಡೋಕೆ ಆಗ್ತಿರ್ಲಿಲ್ಲ, ಆಮೇಲೆ ದುಡ್ಡು ಕೊಟ್ಟು "ಕಾಗದದ ಮಗ", ಅಂದ್ರೆ ಕಾಗದದಲ್ಲಿ ಮಾತ್ರ ಪ್ರಜೆಯ ಮಗ, ಆಗಿ ಬರೋದು ಶುರುವಾಯ್ತು, ಉತ್ತರ ಎಲ್ಲ ಬಾಯಿಪಾಠ ಮಾಡಿ, ಉತ್ತರ ಬರೆದಿದ್ದ ಪುಸ್ತಕ ಸಮುದ್ರಕ್ಕೆ ಎಸೀತಿದ್ರು. ಅದಕ್ಕೇ ಅಧಿಕಾರಿಗಳು ಮನೆ ಮೆಟ್ಟಿಲು ಎಷ್ಟು, ಅಕ್ಕಿ ಡಬ್ಬ ಎಲ್ಲಿ ಅಂತ ಕೇಳ್ತಿದ್ದಿದ್ದು. ನಿಜವಾದ ಮಗನೂ ತಪ್ಪು ಹೇಳ್ಬಹುದಲ್ವಾ! ನಿಮ್ ಅಜ್ಜಿ ಮನೆ ಮೆಟ್ಟಿಲು ಎಷ್ಟು, ಹೇಳು ನೋಡೋಣ.

ಎಚ್‌ಒನ್_ಬಿ_ಬಡಪಾಯಿ:
ನಮ್ ಗ್ರೀನ್ ಕಾರ್ಡ್ ಕ್ಯೂ ಕೂಡ ಇದೇ ಕಥೆ ಅಲ್ವಾ, ಅದನ್ನೇ ಸೇರ್ಸಿ ಬರೀರಿ, ಎರಡು ಪುಟ ಆರಾಮಾಗಿ ತುಂಬತ್ತೆ.

ಮಂಡ್ಯದ_ಮೇಷ್ಟ್ರು:
ಇದೇ ಕಥೆ ಅಲ್ಲ ಕಣಪ್ಪ, ಅವ್ರನ್ನ ಬೀಗ ಹಾಕಿ ಇಟ್ಟಿದ್ರು, ನೀನು ಕಾಸ್ಟ್ಕೋದಲ್ಲಿ ಪಿಜ್ಜಾ ತಿಂತಾ ಕಾಯ್ತಿದೀಯ. ನಮ್ಮ ದೇಶದ ಕಥೆ ಬೇಕು ಅಂದ್ರೆ ಅಲ್ಲೇ ಇದೆ. ವೈಷ್ಣೋ ದಾಸ್ ಬಗಾಯಿ ಅಂತ ಪೇಶಾವರದವ್ರು, 1915ರಲ್ಲಿ ಹೆಂಡ್ತಿ ಕಲಾ, ಮೂರು ಗಂಡುಮಕ್ಕಳ ಜೊತೆ ಇದೇ ದ್ವೀಪಕ್ಕೆ ಬಂದಿಳಿದ್ರು. 1921ರಲ್ಲಿ ಪೌರತ್ವ ಸಿಕ್ತು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಥಿಂಡ್ ಅನ್ನೋ ಭಾರತೀಯನ ಕೇಸಲ್ಲಿ ಭಾರತೀಯರು ಬಿಳಿಯರಲ್ಲ, ಅದಕ್ಕೆ ಪೌರತ್ವ ಇಲ್ಲ ಅಂದ್ಮೇಲೆ ಕೊಟ್ಟಿದ್ದನ್ನೂ ಕಿತ್ಕೊಂಡ್ರು, 1928ರಲ್ಲಿ ಆತ್ಮಹತ್ಯೆ ಮಾಡ್ಕೊಂಡ್ರು. ಕೊಡೋವಾಗ್ಲೂ ಕಾಗದ, ಕಿತ್ಕೊಳ್ಳೋವಾಗ್ಲೂ ಕಾಗದ. ಆ ಟೈಪ್ ಮಾಡಿದ ಹಾಳೆ ಹಿಡ್ಕೊಂಡು ಬರೀಮ್ಮ, ನೋವು ಗೀವು ಬಿಡು.

ಸಾಗರದ_ಹುಡುಗಿ:
ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಭಟ್ರೇ. ಅಜ್ಜಿಗೆ ಫೋನ್ ಮಾಡ್ದೆ, ನಾನು ಐದು ಮೆಟ್ಟಿಲು ಅಂದ್ಕೊಂಡಿದ್ದೆ, ಅವ್ರು ಏಳು ಅಂದ್ರು. ರಸ್ತೆ ಎತ್ತರ ಮಾಡಿದಾಗ ಎರಡು ಮಣ್ಣೊಳಗೆ ಹೋದ್ವಂತೆ, ನಾನು ಹುಟ್ಟೋಕೂ ಮುಂಚೆ.